ಸಾಲದ ಬೈಕ್ ಬೇಡ, ಅಪ್ಪನ ಸ್ಪ್ಲೆಂಡರ್ ಸಾಕು

ಡಿಗ್ರಿ ಮುಗಿಸಿ ಎರಡು ವರ್ಷವಾದ ಹುಡುಗ ಬೈಕಿಗೆ ಬ್ಯಾಗ್ ಕಟ್ಟುತ್ತಿದ್ದರೆ ಸಾಕು, ಜಗುಲಿ ಮೇಲೆ ಕೂತವರೆಲ್ಲ ಇಂಟರ್‌ವ್ಯೂ ಶುರು ಮಾಡುತ್ತಾರೆ. ‘ಎಲ್ಲಿಗ್ಲಾ ಸವಾರಿ?’, ‘ಕೆಲ್ಸ ಗಿಲ್ಸ ಸಿಕ್ತಾ?’ ಇಲ್ಲ, ಸಕಲೇಶಪುರದ ಕಡೆ ಹೋಗಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇದ್ದು ಬರುತ್ತೇವೆ ಅಂದರೆ ಅವರ ಮುಖ ನೋಡಬೇಕು. ‘ಯಾಕೆ, ಮನೇಲಿ ಮಲಗಕ್ಕೆ ಜಾಗ ಇಲ್ವಾ?’ ಅನ್ನುತ್ತಾರೆ. ಪೇಟೆಯಲ್ಲಿ ಇದೇ ಮಾತನ್ನು ಸ್ವಲ್ಪ ನಯವಾಗಿ ಕೇಳುತ್ತಾರೆ, ಅಷ್ಟೇ. ಕೆಲಸ ಹುಡುಕುತ್ತಿರುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಪ್ರವಾಸ ಅನ್ನುವುದು ಒಂದು ತರಹದ ಕಳ್ಳತನ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ‘ಮೊದ್ಲು ಕೆಲ್ಸ ತಗೋ, ಆಮೇಲೆ ಎಲ್ಲಿಗಾದ್ರೂ ಹೋಗು.’

ಆಮೇಲೆ ಹೋದವರು ಎಷ್ಟು ಜನ? ನನಗಿಂತ ಮೂರು ವರ್ಷ ದೊಡ್ಡವರಾದ ಸೀನಿಯರ್‌ಗಳು ಬೆಂಗಳೂರಿನಲ್ಲಿದ್ದಾರೆ. ಅವರಿಗೀಗ ಸಂಬಳ ಇದೆ, ರಜೆ ಇಲ್ಲ. ಭಾನುವಾರ ಬಂದರೆ ಬಟ್ಟೆ ಒಗೆಯಬೇಕು. ನಮ್ಮ ಹತ್ತಿರ ದುಡ್ಡಿಲ್ಲದಿದ್ದರೂ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ತಿಂಗಳುಗಳಿವೆ. ಆ ತಿಂಗಳುಗಳಲ್ಲಿ ಎರಡು ರಾತ್ರಿ ಹೊರಗೆ ಮಲಗಿ ಬಂದರೆ ಯಾವ ಪೋಸ್ಟೂ ಕೈತಪ್ಪುವುದಿಲ್ಲ. ಕೆಲಸ ಸಿಗದವನೂ ಹೋಗಬಹುದು ಅನ್ನುವುದು ನನ್ನ ವಾದ. ಆದರೆ ಹೇಗೆ ಹೊರಡಬೇಕು ಅನ್ನುವುದರಲ್ಲಿ ನನಗೂ ನನ್ನ ಓರಗೆಯವರಿಗೂ ಜಗಳ ಇದೆ.

ನಮ್ಮ ಊರು ಹೊಸಹೊಳಲು, ಕೆ.ಆರ್. ಪೇಟೆಗೆ ಅಂಟಿಕೊಂಡಂತೆಯೇ ಇದೆ. ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನ ನೋಡಲು ಬರುವ ಬೈಕ್ ತಂಡಗಳನ್ನು ವಾರಕ್ಕೊಂದಾದರೂ ನೋಡುತ್ತೇವೆ. ಮೂರೂವರೆ ಲಕ್ಷದ ಬೈಕು, ಎರಡೂ ಪಕ್ಕ ಅಲ್ಯುಮಿನಿಯಂ ಪೆಟ್ಟಿಗೆ, ಮೊಣಕೈ ಮೊಣಕಾಲಿಗೆ ಗಾರ್ಡು, ಹೆಲ್ಮೆಟ್ ಮೇಲೆ ಕ್ಯಾಮೆರಾ. ದೇವಸ್ಥಾನದ ಹೊರಗೋಡೆಯ ತಳದಲ್ಲಿ ಆನೆಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲೊಂದಿದೆ, 13ನೇ ಶತಮಾನದ್ದು. ಈ ಸವಾರರು ಆ ಸವಾರರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ದುಡ್ಡು, ಅವರ ಬೈಕು. ತೊಂದರೆ ಇರುವುದು ಅದನ್ನು ನೋಡಿ ನಾವು ಕಟ್ಟಿಕೊಳ್ಳುವ ಲೆಕ್ಕದಲ್ಲಿ. ಯೂಟ್ಯೂಬ್‌ನಲ್ಲಿ ‘ಬೈಕ್ ಕ್ಯಾಂಪಿಂಗ್ ತಯಾರಿ’ ಅಂತ ಹುಡುಕಿದರೆ ಬರುವುದೆಲ್ಲ ಒಂದು ಕೊಳ್ಳುವ ಪಟ್ಟಿ. ಜಾಕೆಟ್, ಬೂಟು, ಸ್ಲೀಪಿಂಗ್ ಬ್ಯಾಗ್, ಮಡಚುವ ಕುರ್ಚಿ, ಕಾಫಿ ಮಾಡುವ ಪುಟಾಣಿ ಯಂತ್ರ. ಎಲ್ಲ ಕೂಡಿಸಿದರೆ ನಮ್ಮ ಮನೆಯ ಒಂದು ಹಸುವಿನ ಬೆಲೆ ದಾಟುತ್ತದೆ.

ನಮ್ಮ ಹೋಬಳಿಯ ಹುಡುಗನೊಬ್ಬ ಖಾಸಗಿ ಕಂಪನಿ ಸೇರಿದ ನಾಲ್ಕನೇ ತಿಂಗಳಿಗೆ ದೊಡ್ಡ ಬೈಕನ್ನು ಕಂತಿನಲ್ಲಿ ತೆಗೆದುಕೊಂಡ. ಲಡಾಖ್‌ಗೆ ಹೋಗುವುದು ಅವನ ಕನಸು. ಎಂಟನೇ ತಿಂಗಳಿಗೆ ಕೆಲಸ ಹೋಯಿತು. ಮೂರು ಕಂತು ನಿಂತ ಮೇಲೆ ಫೈನಾನ್ಸ್‌ನವರು ಬಂದು ಬೈಕ್ ಎತ್ತಿಕೊಂಡು ಹೋದರು, ಅದೂ ಹಗಲು ಹೊತ್ತಿನಲ್ಲಿ, ಅವರಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ. ಬೈಕ್ ಹೋದ ದುಃಖಕ್ಕಿಂತ ಅವ್ವ ನೋಡುತ್ತ ನಿಂತಿದ್ದಳು ಅನ್ನುವುದು ಅವನನ್ನು ತಿನ್ನುತ್ತಿದೆ. ಆ ಬೈಕು ಮೈಸೂರಿಗಿಂತ ಆಚೆ ಹೋಗಿರಲೇ ಇಲ್ಲ.

ನಮ್ಮ ಮನೆಯಲ್ಲಿರುವುದು ಅಪ್ಪನ ಹಳೆಯ ಸ್ಪ್ಲೆಂಡರ್. ಅಪ್ಪನದು ಅನ್ನುವುದೂ ಪೂರ್ತಿ ಸರಿಯಲ್ಲ, ಅದು ಮನೆಯ ಬೈಕು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಹನ್ನೊಂದಕ್ಕೆ ಗದ್ದೆಯಿಂದ ಹಸಿ ಹುಲ್ಲಿನ ಹೊರೆ, ವಾರಕ್ಕೆರಡು ಸಲ ಅವ್ವನನ್ನು ಪೇಟೆ ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಮೋಟಾರ್ ಹಾಕಲು ಗದ್ದೆಗೆ ಓಡುವುದು. ಎಲ್ಲವೂ ಅದರ ಮೇಲೆಯೇ. ಇಂಥ ಬೈಕನ್ನು ಮೂರು ದಿನ ತೆಗೆದುಕೊಂಡು ಹೋಗುತ್ತೇನೆ ಅಂದರೆ ಮನೆಯ ಒಂದು ಆಳನ್ನೇ ಕರೆದುಕೊಂಡು ಹೋದ ಹಾಗೆ. ಯಾವ ವಿಡಿಯೊದಲ್ಲೂ ಈ ತಯಾರಿ ಬಗ್ಗೆ ಹೇಳುವುದಿಲ್ಲ. ಏಕೆಂದರೆ ಆ ವಿಡಿಯೊ ಮಾಡುವವರ ಬೈಕು ಹುಲ್ಲು ಹೊರುವುದಿಲ್ಲ.

ಆದ್ದರಿಂದ ನನ್ನ ಪ್ಯಾಕಿಂಗ್ ಶುರುವಾಗುವುದು ಕ್ಯಾಲೆಂಡರಿನಿಂದ. ಪಂಪ್‌ಸೆಟ್ ಕರೆಂಟ್ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಹೊರಡುವುದು ಹಗಲು ಪಾಳಿಯ ವಾರ. ರಾತ್ರಿ ಹೊತ್ತು ಅಪ್ಪ ಬೈಕಿಲ್ಲದೆ ಗದ್ದೆ ಬದುವಿನ ಮೇಲೆ ನಡೆಯುವುದು ನನಗೆ ಒಪ್ಪಿಗೆಯಿಲ್ಲ. ಅವ್ವನ ಆಸ್ಪತ್ರೆ ದಿನ ಯಾವುದು, ಹಾಲಿನ ಕ್ಯಾನ್ ಯಾರು ಒಯ್ಯುತ್ತಾರೆ (ಪಕ್ಕದ ಮನೆ ಅಣ್ಣ; ಬದಲಿಗೆ ಅವರ ಮಗನಿಗೆ ಒಂದು ವಾರ ಲೆಕ್ಕದ ಪಾಠ), ಎರಡು ದಿನಕ್ಕಾಗುವಷ್ಟು ಹುಲ್ಲು ಮೊದಲೇ ಕುಯ್ದು ಹಾಕುವುದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಟ್ಟೆ. ಅಪ್ಪ ಓದಲಿಲ್ಲ. ‘ಹುಲ್ಲು ಕುಯ್ದಿದ್ದೀಯಾ?’ ಅಂತ ಒಂದೇ ಮಾತು ಕೇಳಿದರು. ಹೌದು ಅಂದೆ. ಗೂಟಕ್ಕೆ ಹಾಕಿದ್ದ ಕೀ ತೆಗೆದು ಕೊಟ್ಟರು.

ಅನುಮತಿ ಕೇಳುವುದು ಅವಮಾನ ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಕೆಲವರ ವಾದ. ‘ಇಪ್ಪತ್ನಾಲ್ಕು ವರ್ಷ ಆಯ್ತು, ಇನ್ನೂ ಅಪ್ಪನ್ನ ಕೇಳ್ತೀಯಾ?’ ಬೈಕಿಗೆ ಪೆಟ್ರೋಲ್ ಅಪ್ಪನದೇ ಆಗಿರುವಾಗ ಸ್ವಾತಂತ್ರ್ಯದ ಭಾಷಣ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ. ಪ್ರವಾಸದ ಖರ್ಚನ್ನು ಮಾತ್ರ ನಾನು ಮನೆಯಲ್ಲಿ ಕೇಳುವುದಿಲ್ಲ. ಆಷಾಢ ಬಿಟ್ಟರೆ ಕಲ್ಯಾಣ ಮಂಟಪಗಳಲ್ಲಿ ಬಡಿಸುವ ಕೆಲಸ ನಮ್ಮ ಸೀಮೆಯಲ್ಲಿ ಯಾವಾಗಲೂ ಸಿಗುತ್ತದೆ. ಮೂರು ಮದುವೆ ಬಡಿಸಿದರೆ ಒಂದು ಟ್ರಿಪ್.

ಇನ್ನು ‘ಕ್ಯಾಂಪಿಂಗ್’ ಅನ್ನುವ ಪದ. ಇದು ನಮಗೆ ಹೊಸದು ಅಂತ ನಾವು ಯಾಕೆ ನಂಬಿದ್ದೇವೋ ಕಾಣೆ. ನಮ್ಮ ತಾಲ್ಲೂಕಿನಲ್ಲಿ ಹೇಮಾವತಿ ದಂಡೆಯ ಹೇಮಗಿರಿಯಲ್ಲಿ ರಥಸಪ್ತಮಿ ಆಸುಪಾಸಿಗೆ ದನಗಳ ಜಾತ್ರೆ ನಡೆಯುತ್ತದೆ. ತಾತ ಗಟ್ಟಿಯಾಗಿದ್ದ ಕಾಲದಲ್ಲಿ ಎತ್ತು ಹೊಡೆದುಕೊಂಡು ಅಲ್ಲಿಗೆ ಹೋಗಿ ವಾರಗಟ್ಟಲೆ ಇರುತ್ತಿದ್ದರು. ಗಾಡಿಯ ಪಕ್ಕದಲ್ಲೇ ಚಪ್ಪರ, ಗಾಡಿಯ ಕೆಳಗೇ ಹಾಸಿಗೆ, ಮೂರು ಕಲ್ಲಿನ ಒಲೆ. ಮಾಘದ ಚಳಿ ಬೇರೆ. ಅದನ್ನು ಕ್ಯಾಂಪಿಂಗ್ ಅನ್ನದೆ ಇನ್ನೇನು ಅನ್ನುವುದು? ಈ ಸಲ ಹೊರಡುವ ಮುಂಚೆ ಅವರ ಪಕ್ಕ ಕೂತು ಕೇಳಿದೆ. ‘ತಾತ, ಹೇಮಗಿರಿಗೆ ಹೊರಡೋವಾಗ ಏನೇನ್ ತಗೊಂಡ್ ಹೋಗ್ತಿದ್ರಿ?’

ತಾತನಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಏನು ತಿಂದೆ ಅನ್ನುವುದು ಮರೆಯುತ್ತದೆ, ಇದು ಮರೆತಿಲ್ಲ. ‘ಮೊದ್ಲು ಕೀಲೆಣ್ಣೆ’ ಅಂದರು. ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಆಮೇಲೆ ಒಂದು ಕಡಾಣಿ ಹೆಚ್ಚಿಗೆ, ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು ಅದು. ಹಗ್ಗ ಎರಡು ಮಾರು ಜಾಸ್ತಿ. ಲಾಟೀನು. ಎತ್ತಿಗೆ ಹುಲ್ಲು, ಹಿಂಡಿ. ಕಂಬಳಿ. ಉಪ್ಪು, ಮೆಣಸಿನಕಾಯಿ, ರಾಗಿಹಿಟ್ಟು. ನಾನು ಬೆರಳು ಮಡಚುತ್ತ ಹೋದೆ. ಮೊದಲ ಐದು ವಸ್ತು ಗಾಡಿಗೆ ಮತ್ತು ಎತ್ತಿಗೆ. ತಮಗೆ ಅಂತ ಇದ್ದದ್ದು ಕಂಬಳಿಯಿಂದ ಈಚೆಗೆ. ‘ಬಟ್ಟೆ?’ ಅಂದೆ. ‘ಮೈ ಮೇಲಿರ್ತಿತ್ತಲ್ಲಪ್ಪ’ ಅಂದರು.

ನಮ್ಮ ಪಟ್ಟಿಗಳು ಇದಕ್ಕೆ ಸರಿಯಾಗಿ ಉಲ್ಟಾ. ಒಂಬತ್ತು ವಸ್ತು ನಮಗೆ, ಕೊನೆಗೊಂದು ‘ಬೈಕ್ ಸರ್ವಿಸ್’. ನಾನು ತಾತನ ಕ್ರಮವನ್ನೇ ಎತ್ತಿಕೊಂಡೆ. ಕೀಲೆಣ್ಣೆ ಅಂದರೆ ನಮಗೆ ಚೈನ್ ಮತ್ತು ಎಂಜಿನ್ ಆಯಿಲ್. ಕಡಾಣಿ ಅಂದರೆ ಕ್ಲಚ್ ಕೇಬಲ್. ಪೇಟೆಯ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟ ಒಂದು ಉಪಾಯ ಎಲ್ಲರಿಗೂ ಉಪಯೋಗವಾದೀತು. ಹೊಸ ಕ್ಲಚ್ ಕೇಬಲ್ ಕೊಂಡು ಬ್ಯಾಗಿನಲ್ಲಿ ಇಡಬೇಡಿ. ಹಳೆಯ ಕೇಬಲ್ ಹೋಗಿರುವ ದಾರಿಯಲ್ಲೇ ಅದರ ಪಕ್ಕಕ್ಕೆ ಹೊಸದನ್ನೂ ಹಾಯಿಸಿ ಟೇಪ್ ಸುತ್ತಿಬಿಡಿ. ಘಾಟಿಯಲ್ಲಿ ಹಳೆಯದು ಕಿತ್ತುಕೊಂಡರೆ ಎರಡು ತುದಿ ಬದಲಾಯಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚಬೇಕಾಗಿಲ್ಲ. ಇದರ ಜೊತೆ ಒಂದು ಸ್ಪಾರ್ಕ್ ಪ್ಲಗ್, ಅದನ್ನು ಬಿಚ್ಚುವ ಪಾನ, ಒಂದು ಟ್ಯೂಬು, ಎರಡು ಟೈರ್ ಲಿವರ್, ಸೈಕಲ್ ಪಂಪಿನಷ್ಟೇ ಇರುವ ಗಾಳಿ ಪಂಪು. ನಮ್ಮದು ಟ್ಯೂಬ್ ಇರುವ ಟೈರು. ಸಕಲೇಶಪುರದ ಆಚೆ ಪಂಕ್ಚರ್ ಅಂಗಡಿ ಎಲ್ಲಿದೆ ಅಂತ ಹುಡುಕುವುದಕ್ಕಿಂತ ಮನೆ ಅಂಗಳದಲ್ಲಿ ಒಂದು ಸಲ ಚಕ್ರ ಬಿಚ್ಚಿ ಹಾಕಿ ಕಲಿಯುವುದು ಸುಲಭ. ನಾವಿಬ್ಬರೂ ಕಲಿತೆವು. ಒಂದೂಕಾಲು ಗಂಟೆ ಹಿಡಿಯಿತು, ನೋಡಲು ಓಣಿಯ ಮಕ್ಕಳೆಲ್ಲ ನೆರೆದಿದ್ದರು. ಹಿಂದಿನ ಟೈರಿನ ಗಾಳಿ ಒಬ್ಬರಿಗೆ ಒಂದಳತೆ, ಇಬ್ಬರಿಗೆ ಇನ್ನೊಂದಳತೆ ಅಂತ ಬೈಕಿನ ಮೇಲೆ ಅಥವಾ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ.

1952ರಲ್ಲಿ ಅರ್ಜೆಂಟೀನಾದ ಒಬ್ಬ ಮೆಡಿಕಲ್ ವಿದ್ಯಾರ್ಥಿ ಗೆಳೆಯನ ಜೊತೆ ಹಳೆಯ ನಾರ್ಟನ್ 500 ಸಿಸಿ ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟ ಕಥೆ ನಿಮಗೆ ಗೊತ್ತಿರಬಹುದು. ಮುಂದೆ ಅವನೇ ಟೀ ಶರ್ಟುಗಳ ಮೇಲೆ ಬಂದ ಚೆ ಗುವಾರ. ಆ ಬೈಕಿಗೆ ಅವರಿಟ್ಟ ಹೆಸರಿನ ಅರ್ಥ ‘ಬಲಶಾಲಿ’. ದಾರಿಯುದ್ದಕ್ಕೂ ಬೀಳುತ್ತ, ಕೆಡುತ್ತ ಹೋಗಿ ಬಲಶಾಲಿ ಚಿಲಿ ದೇಶದಲ್ಲಿ ಪ್ರಾಣ ಬಿಟ್ಟಿತು. ಉಳಿದ ದಾರಿಯನ್ನು ಅವರು ಸಿಕ್ಕ ಲಾರಿ, ದೋಣಿ ಹತ್ತಿ ಮುಗಿಸಿದರು. ಕಥೆ ಚೆನ್ನಾಗಿದೆ. ಆದರೆ ಮಂಗಳವಾರ ಬೆಳಿಗ್ಗೆ ಹಾಲಿನ ಕ್ಯಾನ್ ಹೊರಬೇಕಾದ ಬೈಕಿಗೆ ಅಂಥ ವೀರಮರಣ ಕೊಡುವ ಹಾಗಿಲ್ಲ.

ಈಗ ಭಾರದ ಲೆಕ್ಕ. ನನಗೆ ತುಂಬ ಇಷ್ಟವಾದ ಭಾಗ ಇದು, ಬಿಕಾಂ ಓದಿದ್ದಕ್ಕೂ ಒಂದು ಪ್ರಯೋಜನ. ನಮ್ಮ ಬೈಕಿನ ಪುಸ್ತಕದಲ್ಲಿ ಹೊರಬಹುದಾದ ಗರಿಷ್ಠ ಭಾರ 130 ಕಿಲೋ ಎಂದಿದೆ. ಸವಾರ, ಹಿಂದೆ ಕೂರುವವರು, ಸಾಮಾನು ಎಲ್ಲ ಸೇರಿ ಅಷ್ಟು. ನಾನು ಮತ್ತು ಗೆಳೆಯ ಹೆಲ್ಮೆಟ್, ಶೂ ಸಮೇತ ಆಲೆಮನೆಯ ತಕ್ಕಡಿ ಮೇಲೆ ನಿಂತೆವು, ಬೆಲ್ಲದ ಮೂಟೆ ತೂಗುವ ತಕ್ಕಡಿ. ನಾನು 59, ಅವನು 60. ಉಳಿದದ್ದು 11 ಕಿಲೋ! ಆಮೇಲೆ ಇಬ್ಬರೂ ಬೇಕು ಬೇಕು ಅಂತ ಗುಡ್ಡೆ ಹಾಕಿದ್ದನ್ನೆಲ್ಲ ತೂಗಿ ನೋಡಿದೆವು. 23 ಕಿಲೋ. ಆಲೆಮನೆಯಲ್ಲಿ ಕೊಪ್ಪರಿಗೆ ತಿರುವುತ್ತಿದ್ದವರೊಬ್ಬರು ನಕ್ಕು, ‘ಇನ್ನೊಂದ್ ಗಾಡಿ ಮಾಡ್ಕಳಿ’ ಅಂದರು.

23ನ್ನು 11ಕ್ಕೆ ಇಳಿಸುವುದೇ ನಿಜವಾದ ಪ್ಯಾಕಿಂಗ್. ಹೊರಟ ಟೆಂಟ್ ಎರಡೂವರೆ ಕಿಲೋ, ಗೆಳೆಯನ ಅಣ್ಣನಿಂದ ಎರವಲು ತಂದದ್ದು. ಸ್ಲೀಪಿಂಗ್ ಬ್ಯಾಗ್ ಬದಲಿಗೆ ಮನೆಯ ರಗ್ಗು ಎರಡು, 2.4 ಕಿಲೋ. ಕೆಳಗೆ ಹಾಸಲು, ಮಳೆ ಬಂದರೆ ಮೇಲೆ ಹೊದಿಸಲು ಒಂದು ಟಾರ್ಪಾಲು, ಒಂದು ಕಿಲೋ. ರಿಪೇರಿ ಸಾಮಾನು ಒಂದೂವರೆ. ಇಬ್ಬರ ಬಟ್ಟೆ ಎರಡು ಕಿಲೋ, ಇದರಲ್ಲಿ ಜೀನ್ಸ್‌ಗೆ ಜಾಗ ಕೊಡಲಿಲ್ಲ. ನೆನೆದರೆ ಎರಡು ದಿನ ಒಣಗದ ಬಟ್ಟೆ ಮಲೆನಾಡಿಗೆ ಯಾಕೆ? ಒಂದು ಜೊತೆ ಹಾಕಿಕೊಳ್ಳಲು, ಒಂದು ಜೊತೆ ಮಲಗಲು. ಮಲಗುವ ಜೊತೆಯನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಯಾವ ಕಾರಣಕ್ಕೂ ಹಗಲು ಬಿಚ್ಚಬಾರದು. ದಿನವಿಡೀ ನೆಂದರೂ ರಾತ್ರಿ ಒಣ ಬಟ್ಟೆ ಇದ್ದರೆ ಮನುಷ್ಯ ಬದುಕುತ್ತಾನೆ.

ಊಟಕ್ಕೆ ಒಂದೂವರೆ ಕಿಲೋ. ಸ್ಟವ್ ಇಲ್ಲ, ಪಾತ್ರೆ ಇಲ್ಲ, ನೂಡಲ್ಸ್ ಇಲ್ಲ. ಅವ್ವ ರಾಗಿ ಹುರಿಹಿಟ್ಟು ಮಾಡಿಕೊಟ್ಟಳು. ರಾಗಿ ಅರಳಿಸಿ ಬೀಸಿದ ಹಿಟ್ಟು ಅದು. ಬೆಲ್ಲ, ನೀರು ಹಾಕಿ ಕಲೆಸಿದರೆ ಬೆಳಗಿನ ತಿಂಡಿ ಮುಗಿಯಿತು, ಬೆಂಕಿಯ ಹಂಗಿಲ್ಲ. ಹೆಚ್ಚು ದುಡ್ಡಿಗೆ ಮಾರುವ ‘ಎನರ್ಜಿ ಬಾರ್’ಗಳಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ ಅಂತ ಯಾರಾದರೂ ತಿಳಿದವರು ಹೇಳಬೇಕು. ಜೊತೆಗೆ ಹುರಿದ ಕಡಲೆಕಾಯಿ, ಆಲೆಮನೆಯದೇ ಅಚ್ಚು ಬೆಲ್ಲ, ಮೊದಲ ಮಧ್ಯಾಹ್ನಕ್ಕೆ ಹುಳಿಯನ್ನದ ಬುತ್ತಿ. ಉಳಿದ ಊಟ ದಾರಿಯ ಹೋಟೆಲಿನಲ್ಲಿ. ಒಟ್ಟು 10.9 ಕಿಲೋ. ಆ ನೂರು ಗ್ರಾಂ ಉಳಿದಾಗ ಇಬ್ಬರಿಗೂ ಪರೀಕ್ಷೆ ಪಾಸಾದಷ್ಟು ಖುಷಿ.

ಹೊರೆ ಕಟ್ಟುವುದರಲ್ಲಿ ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಕಬ್ಬಿನ ಗಾಡಿ ಹೇರುವುದನ್ನು ನೋಡುತ್ತಲೇ ಬೆಳೆದವರು ನಾವು. ಅವರು ಹಗ್ಗ ಬಿಗಿದ ಮೇಲೆ ಗಾಡಿಯನ್ನು ಒಂದಷ್ಟು ದೂರ ಎಳೆಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿಯುತ್ತಾರೆ. ಹೊರೆ ಕುಲುಕಿ ಕೂತ ಮೇಲೆ ಹಗ್ಗ ಸಡಿಲವಾಗುತ್ತದೆ, ಅದಕ್ಕೆ. ಬೈಕಿನ ಹೊರೆಗೂ ಅದೇ ಮಾತು. ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ಇಳಿದು ಮತ್ತೆ ಬಿಗಿಯಿರಿ. ಭಾರದ ಸಾಮಾನು ತಗ್ಗಿನಲ್ಲಿ ಎರಡೂ ಪಕ್ಕ ಸಮನಾಗಿ, ಹಗುರವಾದ ರಗ್ಗು ಟೆಂಟು ಹಿಂದೆ. ಸ್ಯಾಡಲ್ ಬ್ಯಾಗ್ ಅಂತ ಸಾವಿರಾರು ರೂಪಾಯಿಗೆ ಮಾರುವುದು ನಮ್ಮ ಹಿರಿಯರ ಹಸುಬೆ ಚೀಲವೇ. ಎರಡು ಬಾಯಿ, ನಡುವೆ ಒಂದು ಪಟ್ಟಿ, ಎತ್ತಿನ ಬೆನ್ನ ಮೇಲೆ ಅಡ್ಡ ಹಾಕುತ್ತಿದ್ದದ್ದು. ಪೇಟೆಯಲ್ಲಿ ಸೀಟ್ ಕವರ್ ಹೊಲಿಯುವವರು ದಪ್ಪ ಟಾರ್ಪಾಲಿನಲ್ಲಿ ಒಂದು ಜೊತೆ 350 ರೂಪಾಯಿಗೆ ಹೊಲಿದುಕೊಟ್ಟರು. ಅದು ಸೈಲೆನ್ಸರಿಗೆ ತಾಗಬಾರದು, ಚೈನಿನ ಕಡೆ ಜೋತಾಡಬಾರದು, ಹಿಂದಿನ ದೀಪ, ಇಂಡಿಕೇಟರು, ನಂಬರ್ ಪ್ಲೇಟು ಮುಚ್ಚಬಾರದು. ಕೊಕ್ಕೆ ಇರುವ ರಬ್ಬರ್ ಹಗ್ಗ ಚಿಮ್ಮಿದರೆ ಕಣ್ಣಿಗೇ ಬಡಿಯುತ್ತದೆ. ಹಳೆಯ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿದರೆ ಅದಕ್ಕಿಂತ ಗಟ್ಟಿ, ಪುಕ್ಕಟೆ.

ಸಾಲ ಮಾಡಿಯಾದರೂ ಒಂದು ವಸ್ತು ಕೊಳ್ಳಿ ಅಂತ ನಾನು ಹೇಳುವುದಾದರೆ ಅದು ಹೆಲ್ಮೆಟ್, ಎರಡು ಹೆಲ್ಮೆಟ್. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕರ್ನಾಟಕದಲ್ಲಿ ಜಾರಿಯಾದದ್ದು 2016ರ ಜನವರಿಯಲ್ಲಿ. ಇಷ್ಟು ವರ್ಷವಾದರೂ ನಮ್ಮ ಕಡೆ ಪೊಲೀಸರು ನಿಲ್ಲುವ ಸರ್ಕಲ್ ಬಂದಾಗ ಮಾತ್ರ ಅದು ತೊಡೆಯಿಂದ ತಲೆಗೆ ಏರುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅದರಲ್ಲಿ 14,337 ಜನ ಹಿಂದೆ ಕೂತವರು. ಓಡಿಸದವರು! ಈ ಅಂಕಿ ಓದಿದ ಮೇಲೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಟೋಪಿಯಂಥದ್ದನ್ನು ಕೊಳ್ಳಲು ಮನಸ್ಸಾಗಲಿಲ್ಲ. ಐಎಸ್ಐ ಗುರುತು ಇರುವ, ಪೂರ್ತಿ ಮುಖ ಮುಚ್ಚುವ, ಪಟ್ಟಿ ಸರಿಯಾಗಿ ಕಚ್ಚುವ ಹೆಲ್ಮೆಟ್ ಬೇಕು. ನಮ್ಮ ಇಡೀ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ರೈಡಿಂಗ್ ಜಾಕೆಟ್ ಇದ್ದರೆ ಒಳ್ಳೆಯದು, ಇಲ್ಲದವರು ದಪ್ಪ ತೋಳಿನ ಅಂಗಿ, ಕಾಲಿಗೆ ಶೂ ಇಲ್ಲದೆ ಹೊರಡಬೇಡಿ.

ಖರ್ಚಿಲ್ಲದ ಇನ್ನೊಂದು ರಕ್ಷಣೆ ಹಗಲು. ಬೆಳಗಿನ ಜಾವ ಎರಡಕ್ಕೋ ಮೂರಕ್ಕೋ ಹೊರಡುವುದು ಈಗ ಒಂದು ಫ್ಯಾಷನ್. ರಾತ್ರಿಯೆಲ್ಲ ಮಾತಾಡಿ, ನಿದ್ದೆಗಣ್ಣಲ್ಲಿ ಬೈಕ್ ಹತ್ತಿ, ಸೂರ್ಯೋದಯದ ಸ್ಟೇಟಸ್ ಹಾಕುವುದು. ನಮ್ಮ ಸೀಮೆ ನಾಲೆಗಳ ಸೀಮೆ. ಏರಿ ಮೇಲಿನ ರಸ್ತೆಗಳಿಗೆ ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತದ್ದು ಹಗಲು ಹೊತ್ತಿನಲ್ಲೇ. ರಾತ್ರಿ ಅದೇ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತವೆ. ಚೆನ್ನಾಗಿ ನಿದ್ದೆ ಮಾಡಿ ಆರು ಗಂಟೆಗೆ ಹೊರಟರೆ ಚನ್ನರಾಯಪಟ್ಟಣದಲ್ಲಿ ತಿಂಡಿ, ಹಾಸನ ದಾಟಿ ಮಧ್ಯಾಹ್ನದೊಳಗೆ ಸಕಲೇಶಪುರ. ಬೆಂಗಳೂರಿನಿಂದ ನಮ್ಮನ್ನು ಕೂಡಿಕೊಳ್ಳುವ ಗೆಳೆಯರಿಗೆ ಒಂದು ಮಾತು: ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯ ಲೆಕ್ಕಕ್ಕೆ ಸಮಯ ಇಟ್ಟುಕೊಳ್ಳಿ.

ಟೆಂಟ್ ಎಲ್ಲಿ ಹಾಕುವುದು? ವಿಡಿಯೊಗಳಲ್ಲಿ ನದಿ ದಂಡೆ, ಕಾಡಿನ ಅಂಚು, ಬೆಟ್ಟದ ತುದಿ. ಮೀಸಲು ಅರಣ್ಯಕ್ಕೂ ಅಭಯಾರಣ್ಯಕ್ಕೂ ಅನುಮತಿ ಇಲ್ಲದೆ ನುಗ್ಗಿದರೆ ಅದು ಅಪರಾಧ. ಹೇಮಾವತಿಯಂಥ ಹೊಳೆಯ ಮರಳಿನ ಮೇಲೆ, ಅದೂ ಗೊರೂರು ಅಣೆಕಟ್ಟೆಯ ಕೆಳಗೆ ಮಲಗುವುದು ಎಷ್ಟು ಅಪಾಯ ಅನ್ನುವುದು ಹೊಳೆಸಾಲಿನ ಹುಡುಗರಾದ ನಮಗೆ ಗೊತ್ತು. ಮೇಲಿನಿಂದ ನೀರು ಬಿಟ್ಟರೆ ಕೆಳಗೆ ನಕ್ಷತ್ರ ಎಣಿಸುತ್ತ ಮಲಗಿದವರಿಗೆ ಕಾದು ಬರುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆಗಳ ಕಾಟ ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವುದೇ. ನಾವು ಹೋದದ್ದು ಕಾಲೇಜು ಗೆಳೆಯನ ಮನೆಯ ಕಾಫಿ ತೋಟಕ್ಕೆ. ತೋಟದೊಳಗೆ ಹಳ್ಳದ ಪಕ್ಕ ಟೆಂಟ್ ಹಾಕೋಣ ಅನ್ನುವ ಆಸೆ ಇತ್ತು. ಗೆಳೆಯನ ತಂದೆ ‘ಅದೆಲ್ಲ ಬೇಡ ಮಾರಾಯ, ಆನೆ ಓಡಾಡ್ತವೆ’ ಅಂತ ಹೇಳಿ ಮನೆ ಮುಂದಿನ ಕಾಫಿ ಕಣ ತೋರಿಸಿದರು. ಸಿಮೆಂಟ್ ಕಣ, ಗೂಟ ಇಳಿಯುವುದಿಲ್ಲ, ನಾಲ್ಕು ಮೂಲೆಗೆ ಕಲ್ಲು ಹೇರಿ ಕಟ್ಟಿದೆವು. ಎದುರಿಗೆ ಮಂಜು ತುಂಬಿದ ಕಣಿವೆ, ಹಿಂದೆ ಮನೆಯ ದೀಪ. ಎರಡನೇ ರಾತ್ರಿ ಕೆಳಗಿನ ತೋಟದಲ್ಲಿ ಬಿದಿರು ಮುರಿಯುವ ಸದ್ದು ಕೇಳಿಸಿತು. ನಾವು ಟೆಂಟ್ ಜಿಪ್ ಎಳೆದುಕೊಂಡು ಸುಮ್ಮನೆ ಕೂತೆವು, ಜಿಪ್ ಆನೆಯನ್ನು ತಡೆಯುತ್ತದೋ ಎಂಬಂತೆ.

ಸಣ್ಣಪುಟ್ಟದ್ದು: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿ ಇದ್ದರೂ ಸಾಕು, ಆದರೆ ಮುಗಿಯುವ ದಿನಾಂಕ ಮೊದಲೇ ನೋಡಿ. 112, 108 ಎಲ್ಲರಿಗೂ ಗೊತ್ತು. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್ ಸತ್ತರೆ ಅಪ್ಪನ ನಂಬರ್ ಬಾಯಿಗೆ ಬರುತ್ತದೆಯೇ? ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಮಳೆಗಾಲವಾದರೆ ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು.

ನನ್ನ ಪಟ್ಟಿ ಪೂರ್ತಿಯಾಯಿತು ಅಂದುಕೊಂಡು ಗೋಡೆಗೆ ಅಂಟಿಸಿದ್ದೆ. ಬಿಎಸ್ಸಿ ಎರಡನೇ ವರ್ಷದಲ್ಲಿರುವ ತಂಗಿ ಅದನ್ನು ಮೇಲಿಂದ ಕೆಳಗೆ ಓದಿ, ‘ಅಣ್ಣ, ಇದ್ರಲ್ಲಿ ಬಾತ್‌ರೂಂ ಎಲ್ಲೂ ಇಲ್ವಲ್ಲ’ ಅಂದಳು. ಹುಡುಗರು ಬರೆಯುವ ಯಾವ ಪಟ್ಟಿಯಲ್ಲೂ ಅದು ಇರುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಅವಳು ಗೆಳತಿಯರ ಜೊತೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿ ಬಂದಿದ್ದಾಳೆ, ಎಲ್ಲ ಬಸ್ಸಿನಲ್ಲಿ, ಎಲ್ಲ ಸಂಜೆಯೊಳಗೆ. ಯಾವ ಬಸ್ ನಿಲ್ದಾಣದ ಶೌಚಾಲಯ ಹೇಗಿದೆ ಅನ್ನುವುದು ಅವಳಿಗೆ ಕಂಠಪಾಠ. ನಾನು ಒಂದು ಹಾಳೆ ತುಂಬಿಸಿ ಬೈಕ್ ಕೀ ಪಡೆದೆ. ಅವಳು ಹತ್ತು ಹಾಳೆ ಬರೆದರೂ ನಮ್ಮ ಮನೆಯಲ್ಲಿ ಆ ಕೀ ಗೂಟದಿಂದ ಇಳಿಯುವುದು ಕಷ್ಟ. ಕೆಲಸವಿಲ್ಲದ ಹುಡುಗನನ್ನು ಊರು ‘ಎಲ್ಲಿಗ್ಲಾ?’ ಅಂತ ಕೇಳಿ ಬಿಡುತ್ತದೆ. ಅವಳನ್ನು ಕೇಳುವ ರೀತಿಯೇ ಬೇರೆ. ಮನೆಯ ಬೈಕು ಅಂತ ನಾನು ಮೇಲೆ ಬರೆದೆನಲ್ಲ, ಆ ಮನೆಯಲ್ಲಿ ಅವಳೂ ಇದ್ದಾಳೆ. ಹುಲ್ಲು ಅವಳೂ ಕುಯ್ಯುತ್ತಾಳೆ.

ಈ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಿದೆ. ಅವ್ವ ಮುದ್ದೆ ತಿರುವುತ್ತ ಸುಮ್ಮನಿದ್ದಳು. ಅಪ್ಪ ಬಹಳ ಹೊತ್ತಾದ ಮೇಲೆ, ‘ಅವ್ಳು ಓಡ್ಸೋದು ಸ್ಕೂಟಿ. ಗೇರ್ ಗಾಡಿ ಬರ್ಬೇಕಲ್ಲ’ ಅಂದರು. ಬೇಡ ಅನ್ನಲಿಲ್ಲ. ಮಾರನೇ ವಾರವೇ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದೆವು. ಈಗ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಕತ್ತಲಾಗುವ ಮುಂಚೆ ಅರ್ಧ ಗಂಟೆ ಶಾಲೆ ಮೈದಾನದಲ್ಲಿ ಅವಳಿಗೆ ಕ್ಲಚ್ ಬಿಡುವುದನ್ನು ಹೇಳಿಕೊಡುತ್ತಿದ್ದೇನೆ. ಹಿಂದಿನ ಸೀಟಿಗೆ ಬೆಲ್ಲದ ಮೂಟೆ ಕಟ್ಟಿ ಓಡಿಸುತ್ತೇನೆ ಅಂತ ನಿನ್ನೆಯಿಂದ ಹಟ ಹಿಡಿದಿದ್ದಾಳೆ, ಭಾರ ಇದ್ದಾಗ ಬ್ರೇಕ್ ಹೇಗೆ ಹಿಡಿಯುತ್ತದೆ ನೋಡಬೇಕಂತೆ.